ಆಕ್ಸ್‌ಫರ್ಡಿನ ಅರ್ಲ್: ಸ್ವಂತ ಕವಿತೆ, ಎರವಲು ಕೀರ್ತಿ

ಮೊದಲನೆಯ ಎಲಿಜಬೆತ್ ರಾಣಿಯ ಆಸ್ಥಾನದಲ್ಲಿ ಎಡ್ವರ್ಡ್ ಡಿ ವಿಯರ್ ಎಂಬ ಒಬ್ಬ ಕವಿಯಿದ್ದ. ಆಕ್ಸ್‌ಫರ್ಡಿನ ಹದಿನೇಳನೆಯ ಅರ್ಲ್ ಎಂಬುದು ಅವನ ಪದವಿ. ಅವನವೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಕವಿತೆಗಳು ಇಪ್ಪತ್ತನ್ನು ಮೀರುವುದಿಲ್ಲ. ಅವುಗಳನ್ನು ಓದಿದವರು ಇಂಗ್ಲೆಂಡಿನಲ್ಲೂ ವಿರಳ. ಆದರೆ ಅವನನ್ನು ಕುರಿತು ಬಂದಿರುವ ಪುಸ್ತಕಗಳನ್ನು ಪೇರಿಸಿಟ್ಟರೆ ಒಂದು ಕಪಾಟು ತುಂಬೀತು. ಇದಕ್ಕೆ ಕಾರಣ ಅವನ ಕವಿತೆಯಲ್ಲ. 'ಹ್ಯಾಮ್ಲೆಟ್', 'ಕಿಂಗ್ ಲಿಯರ್' ಮೊದಲಾದ ನಾಟಕಗಳನ್ನು ಬರೆದವನು ಸ್ಟ್ರಾಟ್‌ಫರ್ಡಿನ ವಿಲಿಯಂ ಷೇಕ್ಸ್‌ಪಿಯರನಲ್ಲ, ಈ ಪ್ರಭುವೇ ಮರೆಯಲ್ಲಿ ನಿಂತು ಬರೆದನೆಂದು ನಂಬುವ ಪಂಥವೊಂದು 1920ರಿಂದ ಈಚೆಗೆ ಬೆಳೆದು ನಿಂತಿದೆ. ಷೇಕ್ಸ್‌ಪಿಯರನ ಸ್ಥಾನಕ್ಕೆ ಈ ವಾದದಿಂದ ಕುಂದು ಬಂದಿಲ್ಲ. ಅನ್ಯಾಯವಾಗಿರುವುದು ಆಕ್ಸ್‌ಫರ್ಡಿನ ಅರ್ಲ್‌ಗೆ ಎಂಬುದೇ ನಾನು ಇಲ್ಲಿ ನಿವೇದಿಸಬೇಕೆಂದಿರುವ ಸಂಗತಿ.

ಡಿ ವಿಯರ್ ಮನೆತನ ಇಂಗ್ಲೆಂಡಿನ ಅತಿ ಪ್ರಾಚೀನ ಪ್ರಭುಮನೆತನಗಳಲ್ಲಿ ಒಂದು. ಅರ್ಲ್ ಪದವಿ ಅವರಿಗೆ ದೊರೆತದ್ದು 1141ರಲ್ಲಿ. ಎಡ್ವರ್ಡ್ ಹುಟ್ಟಿದ್ದು 1550ರ ಏಪ್ರಿಲ್ 12ರಂದು, ಎಸೆಕ್ಸ್ ಸೀಮೆಯ ಹೆಡಿಂಗಮ್ ಕೋಟೆಯಲ್ಲಿ. 1562ರಲ್ಲಿ ತಂದೆ ತೀರಿಕೊಂಡಾಗ ಅವನಿಗೆ ಹನ್ನೆರಡು ವರ್ಷ. ಪ್ರಭುವೊಬ್ಬ ಅಪ್ರಾಪ್ತ ವಯಸ್ಸಿನ ಮಗನನ್ನು ಬಿಟ್ಟು ಸತ್ತರೆ ಆ ಬಾಲಕನು ರಾಣಿಯ ಪಾಲನೆಗೆ ಬರುವುದು, ಅವನ ಜಮೀನಿನ ಉತ್ಪನ್ನವನ್ನು ಅನ್ಯರು ಅನುಭವಿಸುವುದು ಅಂದಿನ ಪದ್ಧತಿ. ಹೀಗೆ ಬಾಲಕ ಅರ್ಲ್ ತಾಯಿಯ ಮನೆಯನ್ನು ಬಿಟ್ಟು ಲಂಡನ್ನಿಗೆ, ರಾಣಿಯ ಪ್ರಧಾನಮಂತ್ರಿಯಂತಿದ್ದ ವಿಲಿಯಂ ಸೆಸಿಲನ ಮನೆಗೆ ಬಂದ. ಈ ಸೆಸಿಲನೇ ಮುಂದೆ ಬರ್ಲಿ ಪ್ರಭುವೆಂದು ಪ್ರಸಿದ್ಧನಾದವನು. ತಾಯಿ ಬೇಗನೆ ಮರುಮದುವೆ ಮಾಡಿಕೊಂಡಳು.

ಸೆಸಿಲನ ಮನೆ ವಿದ್ಯೆಗೆ ಹೆಸರಾದದ್ದು. ಹಳೆಯ ಇಂಗ್ಲಿಷಿನ ಪಂಡಿತ ಲಾರೆನ್ಸ್ ನೋವೆಲ್ ಕೆಲಕಾಲ ಹುಡುಗನಿಗೆ ಪಾಠ ಹೇಳಿದ. ಲ್ಯಾಟಿನ್ ಕವಿ ಆವಿಡ್‌ನ 'ಮೆಟಮಾರ್ಫಸಿಸ್' ಕಾವ್ಯವನ್ನು ಇಂಗ್ಲಿಷಿಗೆ ತಂದ ಆರ್ಥರ್ ಗೋಲ್ಡಿಂಗ್ ಅವನಿಗೆ ಸೋದರಮಾವನಾಗಬೇಕು. ಆತನೂ ಆ ಮನೆಯಲ್ಲಿ ಕೆಲಕಾಲ ಇದ್ದುದುಂಟು. ಆದರೆ ಅದೇ ಮನೆಯಲ್ಲಿ, 1567ರ ಜುಲೈ ತಿಂಗಳಿನಲ್ಲಿ, ಕತ್ತಿವರಸೆಯ ಅಭ್ಯಾಸದ ಹೊತ್ತಿಗೆ ಥಾಮಸ್ ಬ್ರಿಂಕ್ನೆಲ್ ಎಂಬ ಅಡುಗೆಯಾಳು ಹದಿನೇಳು ವರ್ಷದ ಅರ್ಲ್‌ನ ಕತ್ತಿಗೆ ಬಲಿಯಾದ. ವಿಚಾರಣೆಗೆ ಕುಳಿತ ಪಂಚರು, ಕುಡಿದಿದ್ದ ಅಡುಗೆಯಾಳು ತಾನಾಗಿಯೇ ಕತ್ತಿಯ ಮೊನೆಗೆ ಬಿದ್ದನೆಂದು ತೀರ್ಪಿತ್ತರು. ಸತ್ತವನೇ ಆತ್ಮಹತ್ಯೆಯ ಅಪರಾಧಿ ಎಂದಾಯಿತು! ಪ್ರಭುಗಳಿಗೂ ಆಳುಗಳಿಗೂ ಇದ್ದ ಅಂತರ ಎಷ್ಟೆಂಬುದನ್ನು ಈ ಒಂದು ತೀರ್ಪೇ ತಿಳಿಸುತ್ತದೆ. ಮುಂದೆ ನಾವು ಚರ್ಚಿಸುವ ವಿವಾದದ ಹಿನ್ನೆಲೆಯಲ್ಲಿ ಈ ಅಂತರವನ್ನು ನೆನಪಿಡುವುದು ಒಳ್ಳೆಯದು.

1571ರ ಡಿಸೆಂಬರಿನಲ್ಲಿ ಆಕ್ಸ್‌ಫರ್ಡ್ ತನ್ನ ಪೋಷಕ ಸೆಸಿಲನ ಮಗಳು ಆನ್‌ಳನ್ನು ವರಿಸಿದ. ಆಗ ಆಕೆಗೆ ಹದಿನೈದು ವರ್ಷ. 1575ರಲ್ಲಿ ರಾಣಿಯ ಅಪ್ಪಣೆ ಪಡೆದು ಯೂರೋಪಿನ ಪ್ರವಾಸಕ್ಕೆ ಹೊರಟು, ಪ್ಯಾರಿಸ್, ವೆನಿಸ್, ಪಡುವಾ, ಸಿಯೆನಾ ಮೊದಲಾದ ನಗರಗಳನ್ನು ಕಂಡ. ಅಲ್ಲಿಂದ ಊರಿಗೆ ಬರೆದ ಕಾಗದಗಳಲ್ಲಿ ಜಮೀನು ಮಾರಿ ಹಣ ಕಳುಹಿಸಿರೆಂಬ ಮಾತು ಮತ್ತೆ ಮತ್ತೆ ಬರುತ್ತದೆ. 1576ರ ವಸಂತದಲ್ಲಿ ಹಿಂದಿರುಗುವಾಗ ಕಡಲ್ಗಳ್ಳರು ಹಡಗನ್ನು ಹಿಡಿದು ಅವನನ್ನು ಸುಲಿದರು. ಇಟಲಿಯಿಂದ ಅವನು ತಂದ ಸುಗಂಧಲೇಪಿತ ಕೈಗವಸುಗಳು ರಾಣಿಗೆ ಬಹಳ ಮೆಚ್ಚುಗೆಯಾದವೆಂದು ಅಂದಿನ ಚರಿತ್ರೆಕಾರ ಸ್ಟೋ ಬರೆದಿದ್ದಾನೆ. ಊರಿಗೆ ಬಂದ ಅರ್ಲ್ ಮಾತ್ರ ಹೆಂಡತಿಯ ಮುಖ ನೋಡಲು ಒಪ್ಪಲಿಲ್ಲ. ತಾನಿಲ್ಲದಾಗ ಹುಟ್ಟಿದ ಮಗಳು ತನ್ನವಳಲ್ಲವೆಂಬ ಸಂಶಯ ಅವನ ಮನಸ್ಸನ್ನು ಹೊಕ್ಕಿತ್ತು. ಐದಾರು ವರ್ಷ ದಂಪತಿಗಳು ಅಗಲಿದ್ದರು. ಬಳಿಕ ಒಂದುಗೂಡಿದರೂ ಆನ್ ಬಹುಕಾಲ ಬಾಳಲಿಲ್ಲ. 1588ರಲ್ಲಿ ಕಣ್ಮುಚ್ಚಿದಳು.

ಆಸ್ಥಾನದಲ್ಲಿ ಅವನ ನಡವಳಿಕೆಯೂ ಇದೇ ಬಗೆಯದು. 1579ರಲ್ಲಿ ಟೆನ್ನಿಸ್ ಆಟದ ಅಂಗಳದಲ್ಲಿ ಕವಿ ಫಿಲಿಪ್ ಸಿಡ್ನಿಗೂ ಅವನಿಗೂ ಜಗಳವಾಯಿತು. ಅಂಗಳವನ್ನು ಬಿಟ್ಟುಕೊಡೆಂದು ಪ್ರಭು ಆಜ್ಞಾಪಿಸಿದ, ಸಿಡ್ನಿ ಒಪ್ಪಲಿಲ್ಲ. ಪ್ರಭು ಅವನನ್ನು ನಾಯಿಮರಿಯೆಂದು ಜರೆದ. ಕೊನೆಗೆ ರಾಣಿ ಸಿಡ್ನಿಯನ್ನು ಕರೆಸಿ, ಅರ್ಲ್‌ಗಳಿಗೂ ಇತರ ಸಭ್ಯಸ್ಥರಿಗೂ ಇರುವ ತಾರತಮ್ಯವನ್ನು ತಿಳಿಹೇಳಿದಳೆಂದು ಸಿಡ್ನಿಯ ಗೆಳೆಯ ಫುಲ್ಕ್ ಗ್ರೆವಿಲ್ ದಾಖಲಿಸಿದ್ದಾನೆ. 1581ರಲ್ಲಿ ರಾಣಿಯ ಸಖಿಯರಲ್ಲೊಬ್ಬಳಾದ ಆನ್ ವ್ಯಾವಸರ್ ಎಂಬಾಕೆ ಅರ್ಲ್‌ನಿಂದ ಗಂಡುಮಗುವನ್ನು ಹೆತ್ತಳು. ಸಿಟ್ಟಾದ ರಾಣಿ ಇಬ್ಬರನ್ನೂ ಲಂಡನ್ನಿನ ಗೋಪುರದ ಸೆರೆಮನೆಗೆ ತಳ್ಳಿದಳು. ಕೆಲವು ತಿಂಗಳಲ್ಲಿ ಅವನಿಗೆ ಬಿಡುಗಡೆಯಾಯಿತು. ಆದರೆ ಆಸ್ಥಾನದ ಬಾಗಿಲು ಎರಡು ವರ್ಷ ತೆರೆಯಲಿಲ್ಲ. ಆ ಹೆಣ್ಣಿನ ಬಂಧುವಾದ ಥಾಮಸ್ ನಿವೆಟ್‌ನೊಡನೆ ಕತ್ತಿ ಹಿರಿದು ಗಾಯಗೊಂಡದ್ದೂ ಈ ಅವಧಿಯಲ್ಲೇ.

ಪೂರ್ವಜರ ಆಸ್ತಿ ಒಂದೊಂದಾಗಿ ಮಾರಾಟವಾಯಿತು. 1586ರಲ್ಲಿ ರಾಣಿ ಅವನಿಗೆ ವರ್ಷಕ್ಕೆ 1,000 ಪೌಂಡುಗಳ ವರ್ಷಾಶನವನ್ನು ಗೊತ್ತುಮಾಡಿದಳು. ದರಿದ್ರನಾದ ಹಿರಿಯ ಪ್ರಭುವಿನ ಮಾನ ಉಳಿಸುವ ಏರ್ಪಾಡು ಇದೆಂಬುದು ಇತಿಹಾಸಕಾರರ ಅಭಿಪ್ರಾಯ. ಎರಡನೆಯ ಮದುವೆಯಾಗಿ, 1593ರಲ್ಲಿ ಪದವಿಗೆ ವಾರಸುದಾರನನ್ನು ಪಡೆದು, ಕಾರ್ನ್‌ವಾಲಿನ ತವರದ ವ್ಯಾಪಾರದ ಏಕಸ್ವಾಮ್ಯಕ್ಕಾಗಿ ಅರ್ಜಿಯ ಮೇಲೆ ಅರ್ಜಿ ಬರೆಯುತ್ತ, 1604ರ ಜೂನ್ 24ರಂದು ಲಂಡನ್ನಿನ ಹೊರವಲಯದ ಹ್ಯಾಕ್ನಿಯಲ್ಲಿ ಅವನು ತೀರಿಕೊಂಡ. ಈ 1604 ಎಂಬ ವರ್ಷ ಮುಂದಿನ ಚರ್ಚೆಗೆ ಬೇಕಾಗುತ್ತದೆ.

ಇಂಥ ಬಾಳಿನಿಂದ ಒಸರಿದ ಕವಿತೆ ಎಂಥದು? 1980ರಲ್ಲಿ ಸ್ಟೀವನ್ ಮೇ ಎಂಬ ವಿದ್ವಾಂಸರು ಹಸ್ತಪ್ರತಿಗಳನ್ನೂ ಅಂದಿನ ಸಂಕಲನಗಳನ್ನೂ ಪರಿಶೀಲಿಸಿ, ಹದಿನಾರು ಕವಿತೆಗಳು ನಿಶ್ಚಯವಾಗಿ ಅವನವೆಂದೂ ಇನ್ನು ನಾಲ್ಕು ಅವನವಾಗಿರಬಹುದೆಂದೂ ನಿರ್ಣಯಿಸಿದರು. ಕೆಲವು 1576ರಲ್ಲಿ ಹೊರಬಂದ 'ದಿ ಪ್ಯಾರಡೈಸ್ ಆಫ್ ಡೇಂಟಿ ಡಿವೈಸಸ್' ಎಂಬ ಸಂಕಲನದಲ್ಲಿ ಅವನ ಹೆಸರಿನ ಆದ್ಯಕ್ಷರಗಳೊಡನೆ ಅಚ್ಚಾಗಿವೆ. ಬಯಕೆ, ಅದರ ಬೇಗೆ, ಹೆಣ್ಣಿನ ಚಾಂಚಲ್ಯ, ಕಳೆದುಹೋದ ಸತ್ಕೀರ್ತಿ, ಇವು ಅಲ್ಲಿನ ವಸ್ತು. ಭಾವ ತೀವ್ರವಾಗಿದ್ದರೂ ಪ್ರತಿಮೆಗಳು ಸಿದ್ಧ ಮಾದರಿಯವು. ಶಬ್ದಾನುಪ್ರಾಸದ ಮೋಹ ಹೆಚ್ಚು. ದೀರ್ಘ ಪಂಕ್ತಿಗಳ ನಡಿಗೆ ಕೆಲವೆಡೆ ಗಡುಸು. ಆದರೆ ಒಂದನ್ನು ಮರೆಯಬಾರದು. ಇವುಗಳಲ್ಲಿ ಹೆಚ್ಚಿನವು ರಚಿತವಾದ ಕಾಲಕ್ಕೆ ಸಿಡ್ನಿಯ ಸುನೀತಮಾಲೆ ಇರಲಿಲ್ಲ, ಸ್ಪೆನ್ಸರನ ಮೊದಲ ಮುಖ್ಯ ಕೃತಿ ಬಂದಿರಲಿಲ್ಲ. ಎಲಿಜಬೆತ್ ರಾಣಿಯ ಆಸ್ಥಾನಿಕರಲ್ಲಿ ಪ್ರೇಮಭಾವಗೀತೆಗೆ ಮೊದಲಾಗಿ ಕೈಯಿಟ್ಟವರಲ್ಲಿ ಆಕ್ಸ್‌ಫರ್ಡ್ ಒಬ್ಬ. ಹೊಲ ಹಸನು ಮಾಡಿದವನಿಗೆ ಸಲ್ಲಬೇಕಾದ ಗೌರವ ಅವನಿಗೆ ಸಲ್ಲುತ್ತದೆ.

ಅವನ ಒಂದು ಕವಿತೆಯನ್ನು ವಿಶೇಷವಾಗಿ ಹೇಳಬೇಕು. ಕಾರ್ಡಾನಸ್ ಎಂಬ ಇಟಲಿಯ ಪಂಡಿತನ ಗ್ರಂಥವನ್ನು ಥಾಮಸ್ ಬೆಡಿಂಗ್‌ಫೀಲ್ಡ್ ಇಂಗ್ಲಿಷಿಗೆ ತಂದಾಗ ಅದನ್ನು 1573ರಲ್ಲಿ ಅಚ್ಚು ಹಾಕಿಸಿದವನು ಆಕ್ಸ್‌ಫರ್ಡನೇ. ಅದಕ್ಕೆ ಒಂದು ಮುನ್ನುಡಿಯನ್ನೂ ಒಂದು ಕವಿತೆಯನ್ನೂ ತಾನೇ ಬರೆದ. ಕವಿತೆಯ ತಿರುಳು ಇಷ್ಟು: ಉಳುವವನಿಗೆ ದಣಿವು, ಫಲ ಪ್ರಭುವಿಗೆ. ಮನೆ ಕಟ್ಟುವ ಕಲ್ಲುಕುಟಿಗನಿಗೆ ತಾನಿರಲು ಗುಡಿಸಲು. ದುಡಿಯುವ ಜೇನ್ನೊಣದ ಸಂಪಾದನೆ ಸೋಮಾರಿ ನೊಣದ ಪಾಲು. ಗ್ರಂಥ ರಚಿಸುವವನ ಪಾಡೂ ಹಾಗೆಯೇ, ಕಷ್ಟ ಅವನದು, ನಿಧಿ ಓದುವವನದು. ಅಡುಗೆಯಾಳಿನ ಪ್ರಕರಣದಿಂದ ಪಾರಾದ ಆರೇ ವರ್ಷಗಳಲ್ಲಿ ಅದೇ ಪ್ರಭು ಇಂಥ ಕವಿತೆಯನ್ನು ಬರೆದನೆಂಬುದು ಸೋಜಿಗ. ಮನುಷ್ಯನ ನಡತೆಗೂ ಅವನ ಕವಿತೆಗೂ ಸರಳವಾದ ಸಮೀಕರಣವಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಕವಿಯಾಗಿ ಅವನು ಸಣ್ಣವನಿರಬಹುದು. ಪೋಷಕನಾಗಿ ದೊಡ್ಡವನು. ಆ ಕಾಲದ ಇಂಗ್ಲಿಷ್ ಗದ್ಯದ ಶೈಲಿಯನ್ನೇ ಬದಲಾಯಿಸಿದ ಜಾನ್ ಲಿಲಿ ಅವನಲ್ಲಿ ಕಾರ್ಯದರ್ಶಿಯಾಗಿದ್ದ. ನಾಟಕಕಾರ ಆಂಟನಿ ಮಂಡೆಯೂ ಅವನ ಆಶ್ರಿತ. ಕಾಸ್ಟಿಲಿಯೋನೆಯ ಪ್ರಸಿದ್ಧ ಗ್ರಂಥ 'ದಿ ಕೋರ್ಟಿಯರ್' ಲ್ಯಾಟಿನ್‌ಗೆ ಬಂದಾಗ ಅದಕ್ಕೆ ಲ್ಯಾಟಿನ್‌ನಲ್ಲೇ ಮುನ್ನುಡಿ ಬರೆದವನು ಆಕ್ಸ್‌ಫರ್ಡ್. ಅವನ ಹೆಸರಿನಲ್ಲಿ ವೃತ್ತಿನಟರ ತಂಡವೂ ಬಾಲನಟರ ತಂಡವೂ ಇದ್ದವು. ಸುಮಾರು ಮೂವತ್ತು ಗ್ರಂಥಗಳು ಅವನಿಗೆ ಅರ್ಪಿತವಾಗಿವೆ. ಬೆಲೆಬಾಳುವ ಹೊಲಗಳನ್ನು ಮಾರಿದ ಹಣದಲ್ಲಿ ಒಂದು ಪಾಲು ಹೀಗೆ ಸಾಹಿತ್ಯಕ್ಕೂ ಹರಿಯಿತೆಂದರೆ ತಪ್ಪಾಗದು. 1598ರಲ್ಲಿ ಫ್ರಾನ್ಸಿಸ್ ಮೀರ್ಸ್ ಎಂಬ ಲೇಖಕ ಹರ್ಷನಾಟಕದಲ್ಲಿ ಶ್ರೇಷ್ಠರಾದವರ ಪಟ್ಟಿ ಕೊಡುತ್ತ ಆಕ್ಸ್‌ಫರ್ಡಿನ ಹೆಸರನ್ನು ಹೇಳಿದ್ದಾನೆ. ಆ ನಾಟಕಗಳಲ್ಲಿ ಒಂದೂ ಉಳಿದು ಬಂದಿಲ್ಲ. ಉಳಿಯದ ಈ ನಾಟಕಗಳ ಖಾಲಿ ಜಾಗದಲ್ಲೇ ಮುಂದಿನ ಊಹೆಗಳೆಲ್ಲ ಬೇರೂರಿದುವು.

ಷೇಕ್ಸ್‌ಪಿಯರನ ಕರ್ತೃತ್ವವನ್ನು ಕುರಿತ ಸಂಶಯ ಪ್ರಬಲವಾದದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. ಆಗ ಮೊದಲು ಕೇಳಿಬಂದ ಹೆಸರು ತತ್ತ್ವಜ್ಞಾನಿ ಫ್ರಾನ್ಸಿಸ್ ಬೇಕನ್ನನದು. ಆಕ್ಸ್‌ಫರ್ಡಿನ ಹೆಸರನ್ನು ಮುಂದಿಟ್ಟವರು ಉತ್ತರ ಇಂಗ್ಲೆಂಡಿನ ಗೇಟ್ಸ್‌ಹೆಡ್ ಊರಿನ ಶಾಲಾ ಉಪಾಧ್ಯಾಯ ಜೆ. ಥಾಮಸ್ ಲೋನಿ. ಅವರ ಗ್ರಂಥ ಪ್ರಕಟವಾದದ್ದು 1920ರಲ್ಲಿ. ಅವರ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹುಚ್ಚನೆಂಬ ಅರ್ಥ ಬರುವಂತೆ ಓದಿ ಗೇಲಿ ಮಾಡಿದವರುಂಟು. ಗೇಲಿ ವಾದವಾಗುವುದಿಲ್ಲ. ಲೋನಿಯವರು ಶ್ರದ್ಧಾವಂತರು. ನಾಟಕಗಳನ್ನು ಓದಿ ಅವುಗಳ ಕರ್ತೃವಿಗೆ ಇರಬೇಕಾದ ಲಕ್ಷಣಗಳನ್ನು ಪಟ್ಟಿ ಮಾಡಿದರು. ಅವನು ಕುಲೀನನಿರಬೇಕು, ಇಟಲಿಯ ಪ್ರೇಮಿಯಿರಬೇಕು, ಹಣದಲ್ಲಿ ಉದಾಸೀನನಿರಬೇಕು, ಹೆಣ್ಣಿನ ವಿಷಯದಲ್ಲಿ ಎರಡು ಮನಸ್ಸಿನವನಿರಬೇಕು, ಇತ್ಯಾದಿ. ಬಳಿಕ 'ವೀನಸ್ ಅಂಡ್ ಅಡೋನಿಸ್' ಕಾವ್ಯದ ಷಟ್ಪಂಕ್ತಿಯ ಬಂಧವನ್ನು ಹೋಲುವ ಹಳೆಯ ಕವಿತೆಯನ್ನು ಒಂದು ಸಂಕಲನದಲ್ಲಿ ಅರಸಿದರು. ಸಿಕ್ಕಿದ್ದು ಆಕ್ಸ್‌ಫರ್ಡಿನ ಕವಿತೆ. ಜೀವನಚರಿತ್ರೆಯನ್ನು ತೆರೆದರೆ ಪಟ್ಟಿಯ ಲಕ್ಷಣಗಳೆಲ್ಲ ಅಲ್ಲಿ ಕಂಡುವು.

ಈ ವಾದದ ಆಕರ್ಷಣೆಯನ್ನು ಅಲ್ಲಗಳೆಯಲಾಗದು. 'ಹ್ಯಾಮ್ಲೆಟ್' ನಾಟಕದಲ್ಲಿ ರಾಜಕುಮಾರನ ತಂದೆ ಸತ್ತು ತಾಯಿ ಮರುಮದುವೆಯಾಗುತ್ತಾಳೆ. ಆಕ್ಸ್‌ಫರ್ಡಿನ ಬಾಲ್ಯವೂ ಹಾಗೆಯೇ. ಹ್ಯಾಮ್ಲೆಟ್ ಕಡಲ್ಗಳ್ಳರ ಕೈಗೆ ಸಿಕ್ಕುತ್ತಾನೆ, ಆಕ್ಸ್‌ಫರ್ಡನೂ ಸಿಕ್ಕಿದ. ಉಪದೇಶ ಹೇಳುವ ಮುದಿ ಮಂತ್ರಿ ಪೊಲೋನಿಯಸ್‌ನಲ್ಲಿ ಬರ್ಲಿಯನ್ನೂ ಅವನ ಮಗಳು ಒಫೀಲಿಯಳಲ್ಲಿ ಆನ್‌ಳನ್ನೂ ಕಾಣುವುದು ಕಷ್ಟವಲ್ಲ. ಮನಶ್ಶಾಸ್ತ್ರಜ್ಞ ಸಿಗ್ಮಂಡ್ ಫ್ರಾಯ್ಡ್ ಈ ವಾದವನ್ನು ಒಪ್ಪಿಕೊಂಡರು. ಇಲ್ಲೊಂದು ಕುತೂಹಲದ ಸಂಗತಿಯಿದೆ. ಕನಸುಗಳನ್ನು ಕುರಿತ ತಮ್ಮ ಮಹಾಗ್ರಂಥದಲ್ಲಿ ಫ್ರಾಯ್ಡ್, 1601ರಲ್ಲಿ ತಂದೆಯನ್ನು ಕಳೆದುಕೊಂಡ ಸ್ಟ್ರಾಟ್‌ಫರ್ಡಿನ ಷೇಕ್ಸ್‌ಪಿಯರ್ ಆ ದುಃಖದಲ್ಲೇ 'ಹ್ಯಾಮ್ಲೆಟ್' ಬರೆದನೆಂದು ವಿವರಿಸಿದ್ದರು. ಮುಂದೆ ಮನಸ್ಸು ಬದಲಾದಾಗ ಅದೇ ನಾಟಕ ತಂದೆಯನ್ನು ಬಾಲ್ಯದಲ್ಲೇ ಕಳೆದುಕೊಂಡ ಆಕ್ಸ್‌ಫರ್ಡಿನ ಆತ್ಮಕಥೆಯಾಗಿ ಅವರಿಗೆ ತೋರಿತು. ಒಂದೇ ಬೀಗಕ್ಕೆ ಎರಡು ಬೀಗದಕೈಗಳೂ ಸಮನಾಗಿ ಹೊಂದುವುದಾದರೆ, ಆ ಹೊಂದಾಣಿಕೆಯನ್ನು ಸಾಕ್ಷ್ಯವೆನ್ನಲು ಬಾರದು.

ಬೇರೆ ಸಾಕ್ಷ್ಯಗಳು ಏನು ಹೇಳುತ್ತವೆ? ಮೊದಲನೆಯದು ಕಾಲ. ಆಕ್ಸ್‌ಫರ್ಡ್ ಸತ್ತದ್ದು 1604ರಲ್ಲಿ. 'ಕಿಂಗ್ ಲಿಯರ್', 'ಮ್ಯಾಕ್‌ಬೆತ್', 'ಆಂಟನಿ ಅಂಡ್ ಕ್ಲಿಯೋಪಾತ್ರ', 'ಕೊರಿಯೊಲೇನಸ್', 'ದಿ ವಿಂಟರ್ಸ್ ಟೇಲ್', 'ದಿ ಟೆಂಪೆಸ್ಟ್', ಇವೆಲ್ಲ ಅನಂತರದವೆಂಬುದು ಬಹುಪಾಲು ವಿದ್ವಾಂಸರ ಮತ. 1609ರಲ್ಲಿ ಬರ್ಮ್ಯೂಡಾ ದ್ವೀಪದ ಬಳಿ ಹಡಗೊಂದು ಒಡೆಯಿತು. ಅದರಲ್ಲಿದ್ದ ವಿಲಿಯಂ ಸ್ಟ್ರೇಚಿ 1610ರಲ್ಲಿ ಬರೆದ ವೃತ್ತಾಂತದ ನೆರಳು 'ಟೆಂಪೆಸ್ಟ್' ನಾಟಕದಲ್ಲಿ ಕಾಣುತ್ತದೆ. 1613ರ ಜೂನ್ 29ರಂದು 'ಎಂಟನೆಯ ಹೆನ್ರಿ' ನಾಟಕ ನಡೆಯುತ್ತಿರುವಾಗ ಗ್ಲೋಬ್ ರಂಗಮಂದಿರಕ್ಕೆ ಬೆಂಕಿ ಬಿತ್ತು. ಅಂದಿನ ಒಂದು ಕಾಗದ ಅದನ್ನು ಹೊಸ ನಾಟಕವೆಂದೇ ಕರೆಯುತ್ತದೆ. 'ದಿ ಟೂ ನೋಬಲ್ ಕಿನ್ಸ್‌ಮೆನ್' ನಾಟಕ ಷೇಕ್ಸ್‌ಪಿಯರ್ ಮತ್ತು ಫ್ಲೆಚರ್ ಇಬ್ಬರ ಹೆಸರಿನಲ್ಲೂ ಅಚ್ಚಾಗಿದೆ. ಫ್ಲೆಚರನೊಡನೆ ಕುಳಿತು ನಾಟಕ ಹೆಣೆದ ಲೇಖಕ 1604ರಲ್ಲಿ ಗೋರಿ ಸೇರಿದ್ದವನಾಗಿರಲಾರ. ಸತ್ತವನು ಬಿಟ್ಟುಹೋದ ಹಸ್ತಪ್ರತಿಗಳನ್ನು ಬೇರೆಯವರು ತಿದ್ದಿ ಆಡಿದರೆಂದು ಆಕ್ಸ್‌ಫರ್ಡ್ ಪಕ್ಷದವರು ಸಮಾಧಾನ ಹೇಳುತ್ತಾರೆ. ಪ್ರತಿಯೊಂದು ಅಡಚಣೆಗೂ ಒಂದೊಂದು ಹೊಸ ಊಹೆಯನ್ನು ಸೃಷ್ಟಿಸಬೇಕಾಗಿ ಬಂದರೆ ವಾದ ಬಲಗೊಳ್ಳುವುದಿಲ್ಲ, ಭಾರವಾಗುತ್ತದೆ.

ಎರಡನೆಯದು ಸಮಕಾಲೀನರ ಮಾತು. ಆಗಲೇ ಹೇಳಿದ ಮೀರ್ಸ್ ಅದೇ ಪಟ್ಟಿಯಲ್ಲಿ ಆಕ್ಸ್‌ಫರ್ಡನನ್ನೂ ಷೇಕ್ಸ್‌ಪಿಯರನನ್ನೂ ಬೇರೆ ಬೇರೆಯಾಗಿ ಹೆಸರಿಸಿದ್ದಾನೆ. ಷೇಕ್ಸ್‌ಪಿಯರ್ 1616ರ ತನ್ನ ಉಯಿಲಿನಲ್ಲಿ ಬರ್ಬೇಜ್, ಹೆಮಿಂಗ್ಸ್, ಕಾಂಡೆಲ್ ಎಂಬ ಮೂವರು ಸಹನಟರಿಗೆ ಉಂಗುರಕ್ಕೆಂದು ಹಣ ಬಿಟ್ಟಿದ್ದಾನೆ. 1623ರಲ್ಲಿ ನಾಟಕಗಳ ಮೊದಲ ಬೃಹತ್ ಸಂಪುಟವನ್ನು ಗೆಳೆಯನ ನೆನಪಿಗೆಂದು ಹೊರತಂದವರು ಇವರಲ್ಲಿ ಇಬ್ಬರು. ಅದಕ್ಕೆ ಪ್ರಶಸ್ತಿಪದ್ಯ ಬರೆದವನು ಅವನನ್ನು ಚೆನ್ನಾಗಿ ಬಲ್ಲ ಬೆನ್ ಜಾನ್ಸನ್. ಆ ಸಂಪುಟ ಅರ್ಪಿತವಾದ ಇಬ್ಬರು ಸೋದರ ಪ್ರಭುಗಳಲ್ಲಿ ಕಿರಿಯನಾದ ಮಾಂಟ್ಗೊಮರಿಯ ಅರ್ಲ್, ಆಕ್ಸ್‌ಫರ್ಡಿನ ಮಗಳು ಸೂಸನ್‌ಳ ಗಂಡನೆಂಬುದು ನಿಜ. ಆಕ್ಸ್‌ಫರ್ಡ್ ಪಕ್ಷದವರು ಇದನ್ನು ಎತ್ತಿ ತೋರಿಸುತ್ತಾರೆ. ಆದರೆ ಆ ಅಳಿಯನಾಗಲಿ ಮಗಳಾಗಲಿ ಈ ನಾಟಕಗಳು ತಮ್ಮ ಮನೆಯ ಹಿರಿಯನವೆಂದು ಹೇಳಿದ ಒಂದು ಮಾತೂ ಉಳಿದಿಲ್ಲ.

ಮೂರನೆಯದು ಭಾಷೆ. ಆಕ್ಸ್‌ಫರ್ಡ್ ಸ್ವಹಸ್ತದಿಂದ ಬರೆದ ಹಲವಾರು ಕಾಗದಗಳು ಉಳಿದಿವೆ. ಅವುಗಳನ್ನೆಲ್ಲ ಓದಿ 2003ರಲ್ಲಿ ಅವನ ಜೀವನಚರಿತ್ರೆಯನ್ನು ಬರೆದ ಅಲನ್ ನೆಲ್ಸನ್ ಅವರು, ಅವನ ಕಾಗುಣಿತವೂ ಉಚ್ಚಾರಣೆಯೂ ಪೂರ್ವ ಇಂಗ್ಲೆಂಡಿನ ಸೀಮೆಯವೆಂದು ತೋರಿಸಿದ್ದಾರೆ. ಸ್ಟ್ರಾಟ್‌ಫರ್ಡ್ ಇರುವುದು ಇಂಗ್ಲೆಂಡಿನ ಮಧ್ಯಭಾಗದಲ್ಲಿ. ಅಮೆರಿಕದಲ್ಲಿ ಎಲಿಯಟ್ ಮತ್ತು ವಲೆಂಜ಼ಾ ಎಂಬ ಅಧ್ಯಾಪಕರು 1980ರ ದಶಕದಿಂದ ಮೊದಲ್ಗೊಂಡು ಕಂಪ್ಯೂಟರಿನ ನೆರವಿನಿಂದ ಶೈಲಿಯ ಪರೀಕ್ಷೆಗಳನ್ನು ನಡೆಸಿದರು. ಅವುಗಳ ಪ್ರಕಾರ ಆಕ್ಸ್‌ಫರ್ಡಿನ ಪದ್ಯ ಷೇಕ್ಸ್‌ಪಿಯರನ ಶೈಲಿಯ ಎಲ್ಲೆಯಿಂದ ಬಹುದೂರ. ಇಷ್ಟಾದರೂ ವಿವಾದ ಆರಲಿಲ್ಲ. 1984ರಲ್ಲಿ ಚಾರ್ಲ್‌ಟನ್ ಆಗ್‌ಬರ್ನರ ದೊಡ್ಡ ಗ್ರಂಥ ಅದಕ್ಕೆ ಹೊಸ ಚೇತನ ತಂದಿತು. 1987ರಲ್ಲಿ ವಾಷಿಂಗ್ಟನ್ ನಗರದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಮುಂದೆ ಅಣಕು ವಿಚಾರಣೆ ನಡೆದು, ತೀರ್ಪು ಸ್ಟ್ರಾಟ್‌ಫರ್ಡಿನ ಕಡೆಗೇ ಆಯಿತು. ಆ ಮೂವರಲ್ಲಿ ಒಬ್ಬರಾದ ಜಾನ್ ಪಾಲ್ ಸ್ಟೀವನ್ಸ್ ಮುಂದೆ ಆಕ್ಸ್‌ಫರ್ಡಿನ ಪಕ್ಷಕ್ಕೆ ವಾಲಿದರು. 2011ರಲ್ಲಿ ಚಲನಚಿತ್ರವೂ ಬಂತು.

ಸಾಕ್ಷ್ಯ ಇಷ್ಟು ಸ್ಪಷ್ಟವಾಗಿದ್ದೂ ಸಂಶಯ ಸಾಯದಿರುವುದೇಕೆ? ಇದರ ಬುಡದಲ್ಲಿ ಎರಡು ನಂಬಿಕೆಗಳಿವೆಯೆಂದು ನನ್ನ ಭಾವನೆ. ಕೈಗವಸು ಹೊಲಿಯುವವನ ಮಗ ಅರಮನೆಯ ಒಳಮಾತನ್ನೂ ಆವಿಡ್‌ನ ಕಾವ್ಯವನ್ನೂ ಬಲ್ಲವನಾಗಲು ಸಾಧ್ಯವಿಲ್ಲವೆಂಬುದು ಒಂದು. ಆ ಕೈಗವಸು ಹೊಲಿಯುವವನು 1568ರಲ್ಲಿ ತನ್ನ ಪಟ್ಟಣದ ನಗರಾಧ್ಯಕ್ಷನಾಗಿದ್ದ. ಅಂಥ ಪಟ್ಟಣಗಳ ವ್ಯಾಕರಣಶಾಲೆಗಳಲ್ಲಿ ಹುಡುಗರು ಬೆಳಗಿನಿಂದ ಸಂಜೆಯವರೆಗೆ ಓದುತ್ತಿದ್ದುದು ಲ್ಯಾಟಿನ್ನನ್ನೇ, ಆವಿಡ್ ಅಲ್ಲಿನ ಪಠ್ಯ. ನಟರ ತಂಡ ಅರಮನೆಯಲ್ಲಿ ವರ್ಷವರ್ಷವೂ ನಾಟಕವಾಡುತ್ತಿತ್ತು. ಕವಿಗೆ ಕಣ್ಣು ಕಿವಿಗಳಿದ್ದರೆ ಅರಸರ ಸ್ವಭಾವವನ್ನು ಅರಿಯಲು ಅರಸನಾಗಿ ಹುಟ್ಟಬೇಕಾಗಿಲ್ಲ. ಇನ್ನೊಂದು, ಕವಿ ತನ್ನ ಬಾಳಿನಲ್ಲಿ ಕಂಡುಂಡದ್ದನ್ನು ಮಾತ್ರ ಬರೆಯಬಲ್ಲನೆಂಬ ನಂಬಿಕೆ. ಇದು ಕಲ್ಪನಾಶಕ್ತಿಯನ್ನೇ ಅಲ್ಲಗಳೆಯುವ ಮಾತು. ಹಾಗಾದರೆ ಕೊಲೆ ಮಾಡದೆ 'ಮ್ಯಾಕ್‌ಬೆತ್' ಬರೆಯಲಾಗದೆಂದು ಹೇಳಬೇಕಾದೀತು.

ಅರಸನೋ ಕವಿಯೋ ಎಂಬ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. 'ಕವಿರಾಜಮಾರ್ಗ'ವನ್ನು ಬರೆದವನು ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನೋ ಆಸ್ಥಾನದ ಶ್ರೀವಿಜಯನೋ ಎಂಬ ಚರ್ಚೆ ನಮ್ಮಲ್ಲಿ ಬಹುಕಾಲ ನಡೆಯಿತು. ಮೊದಮೊದಲು ಚಕ್ರವರ್ತಿಗೇ ಕರ್ತೃತ್ವವನ್ನು ಕೊಟ್ಟವರಿದ್ದರು. ಈಗ ಶ್ರೀವಿಜಯನ ಪಕ್ಷವನ್ನೇ ಹೆಚ್ಚಿನವರು ಒಪ್ಪುತ್ತಾರೆ. ಗ್ರಂಥದೊಳಗಿನ ಮಾತುಗಳನ್ನು ತೂಗಿ ನೋಡಿ ವಿದ್ವಾಂಸರು ಈ ನಿರ್ಣಯಕ್ಕೆ ಬಂದರೇ ಹೊರತು, ಇಂಥ ಕೃತಿ ಅರಸನಿಂದ ಮಾತ್ರ ಸಾಧ್ಯ ಎಂಬ ಪೂರ್ವನಿಶ್ಚಯದಿಂದಲ್ಲ. ಕರ್ತೃತ್ವದ ಪ್ರಶ್ನೆಯನ್ನು ಬಿಡಿಸುವ ಸರಿಯಾದ ದಾರಿ ಇದು.

ಇಷ್ಟರಲ್ಲಿ ನಷ್ಟವಾದದ್ದು ಯಾರಿಗೆ? ಷೇಕ್ಸ್‌ಪಿಯರನನ್ನು ಜಗತ್ತು ಓದುತ್ತಲೇ ಇದೆ. ಆಕ್ಸ್‌ಫರ್ಡಿನ ಕವಿತೆಗಳನ್ನು ಮಾತ್ರ ಅವುಗಳಿಗಾಗಿಯೇ ಓದುವವರಿಲ್ಲವಾದರು. ಒಂದು ಪಕ್ಷದವರು ಅವುಗಳಲ್ಲಿ 'ಹ್ಯಾಮ್ಲೆಟ್' ನಾಟಕದ ಮೊಳಕೆಯನ್ನು ಹುಡುಕುತ್ತಾರೆ. ಇನ್ನೊಂದು ಪಕ್ಷದವರು ಅವು ಎಷ್ಟು ಸಾಮಾನ್ಯವೆಂದು ತೋರಿಸಲು ಅವುಗಳನ್ನು ತೆರೆಯುತ್ತಾರೆ. ಹಲವು ಲೇಖಕರಿಗೆ ಆಸರೆಯಾದವನು, ಲಿಲಿಯಂಥವನಿಗೆ ಅನ್ನ ಕೊಟ್ಟವನು, ಸಿಡ್ನಿ ಸ್ಪೆನ್ಸರರು ನಡೆದ ದಾರಿಯಲ್ಲಿ ಮೊದಲ ಹೆಜ್ಜೆಗಳನ್ನಿಟ್ಟವನು, ಇಂದು ಪರರ ನಾಟಕಗಳ ಹಕ್ಕುದಾರನಾಗಿ ಮಾತ್ರ ಉಳಿದಿದ್ದಾನೆ. ಸತ್ತ ಮೇಲೆ ಅವನು ತಾನಾಗಿ ಯಾವ ಹಕ್ಕನ್ನೂ ಕೇಳಲಿಲ್ಲವೆಂಬುದನ್ನು ನಾವು ಮರೆಯಬಾರದು.

ಉಳುವವನ ಬೆವರಿನ ಫಲ ಪ್ರಭುವಿನ ಪಾಲಾಗುತ್ತದೆಂದು ಇಪ್ಪತ್ತಮೂರರ ಪ್ರಾಯದಲ್ಲಿ ಅವನು ಬರೆದ. ಸ್ಟ್ರಾಟ್‌ಫರ್ಡಿನವನು ಉತ್ತು ಬೆಳೆದ ಬೆಳೆಯನ್ನು ಹೆಡಿಂಗಮ್ ಕೋಟೆಯ ಕಣಜಕ್ಕೆ ಸಾಗಿಸಹೊರಟವರು ಆ ಕವಿತೆಯನ್ನು ಒಮ್ಮೆ ನಿಧಾನವಾಗಿ ಓದಬೇಕು. ತನ್ನದಲ್ಲದ ಕೀರ್ತಿಯ ಹಂಗಿಲ್ಲದೆ ಆಕ್ಸ್‌ಫರ್ಡಿನ ಅರ್ಲ್ ಅಲ್ಲಿ ತನ್ನ ಸ್ವಂತ ದನಿಯಲ್ಲಿ ಮಾತನಾಡಿದ್ದಾನೆ. ಆ ದನಿ ಸಣ್ಣದಾದರೂ ಅವನದೇ.

(ಬಾನುಲಿ ಭಾಷಣ)